ಹೊಳೆಯುವ ಹೆಸರು

ಕಾರ್ಖಾನೆಯ ಬೆಂಕಿಯಲ್ಲಿ ಸತ್ತವರ ಹೆಸರುಗಳು ಆ ದೊಡ್ಡ ಉಕ್ಕಿನ ಹಲಗೆಯ ಮೇಲೆ ಉಬ್ಬಿಕೊಂಡು ನಿಂತಿದ್ದವು. ಹಲಗೆಗೆ ಬಣ್ಣವಿಲ್ಲ, ಮೈತುಂಬ ತುಕ್ಕು. ಸ್ಮಾರಕದ ಕಾವಲಿಗೆ ಕೆಲವು ತಿಂಗಳ ಹಿಂದೆ ಬಂದಿದ್ದ ಫಕೀರಪ್ಪ ಗಮನಿಸುತ್ತಲೇ ಇದ್ದ: ಒಬ್ಬ ಹೆಂಗಸು ಪ್ರತಿ ಅಮಾವಾಸ್ಯೆಗೆ ಬಂದು, ಒಂದೇ ಹೆಸರಿನ ಮುಂದೆ ಕೂತು, ಅದು ಬೆಳ್ಳಗೆ ಹೊಳೆಯುವ ತನಕ ತಂತಿ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಪಾಪ, ಹೆತ್ತ ಕರುಳು ಎಂದು ಸುಮ್ಮನಿದ್ದವನಿಗೆ ಇವತ್ತು ತಡೆಯಲಾಗಲಿಲ್ಲ.

“ಯಕ್ಕಾ, ಪಾತ್ರಿ ಬೆಳಗಿದಂಗ ಬೆಳಗಬ್ಯಾಡ. ಈ ಉಕ್ಕಿಗೆ ತುಕ್ಕೇ ಹೊದಿಕಿ ಅಂತ ಸಾಹೇಬ್ರು ಹೇಳ್ಯಾರ. ಅದನ್ನ ಕೆರದಂಗೆಲ್ಲಾ ಮತ್ತ ತುಕ್ಕ ಹಿಡದು ಉಕ್ಕು ಸವೀತೈತಿ.”

“ಹೌದೇನಪಾ? ಹೆಸರು ಪೂರಾ ಹೋಗತೈತೇನು?”

ಆಕೆ ಹೆದರಿದಳೆಂದುಕೊಂಡ ಫಕೀರಪ್ಪ ದನಿ ತಗ್ಗಿಸಿದ.

“ಹಿಂಗ ತಿಕ್ಕಿದ್ರ ಒಂದಿನ ಹೋಗೇ ಹೋಗತೈತಿ. ನಿನ್ನ ಮಗನ ಹೆಸರ ನೀನೇ ಅಳಸ್ತೀಯೇನು?”

ಆಕೆ ಬ್ರಷ್ಷನ್ನು ನಿಲ್ಲಿಸಲಿಲ್ಲ.

“ನನ್ನ ಮಗನ ಹೆಸರು ಕೆಳಗೈತಿ, ಅದಕ್ಕ ಕೈ ಹಚ್ಚಿಲ್ಲ ನಾನು. ಇದು, ಹುಡುಗ್ರು ಚಾ ಕುಡಿಯಾಕ ಹೊರಗ ಹೋಗ್ತಾರಂತ ಬಾಗಿಲಿಗೆ ಕೀಲಿ ಹಾಕಿ, ತಾನೂ ಒಳಗ ಸುಟ್ಟುಹೋದ ಸೂಪರ್‌ವೈಸರಂದು.”