ನಾಲ್ಕನೇ ಅರ್ಜಿ

ಊರಲ್ಲಿ ಕರೆಂಟ್ ಯಾವಾಗ ಹೋಯಿತು, ಎಷ್ಟು ಹೊತ್ತು ಹೋಗಿತ್ತು ಎಂದು ತೋರಿಸುವ ಡ್ಯಾಶ್‌ಬೋರ್ಡನ್ನು ದಾಕ್ಷಾಯಣಿ ವಿದ್ಯುತ್ ಕಚೇರಿಯ ಸ್ವಂತ ಸರ್ವರಿನಲ್ಲೇ ಕೂರಿಸಿದ್ದಳು. ತಿಂಗಳಾದ ಮೇಲೆ ಸಾಹೇಬರು ಹಿಗ್ಗುತ್ತ ಬಂದರು.

"ಭೇಷ್! ತಿಂಗಳಿಡೀ ಒಂದ್ ನಿಮಿಷಾನೂ ಕರೆಂಟ್ ಹೋಗಿಲ್ಲ. ಮ್ಯಾಲಿನವ್ರಿಗೆ ರಿಪೋರ್ಟ್ ಕಳಿಸಿಬಿಟ್ಟೆ!"

"ದಿನಾ ನಾಕೈದ್ ಸಲ ಹೋಗೇತ್ರೀ ಸರ್. ಕರೆಂಟ್ ಹೋದ ಕೂಡ್ಲೇ ನಮ್ಮ ಸರ್ವರೂ ಬಂದ್ ಆಗ್ತೈತಿ. ಬರಕೊಳ್ಳೋರು ಯಾರ್ರೀ? ಯುಪಿಎಸ್ ಕೊಡಸ್ರಿ ಅಂತ ಇದು ನಾಕನೇ ಅರ್ಜಿ ರೀ."

"ಅಂದ್ರ, ನಾ ಕಳಿಸಿದ್ದು ಸುಳ್ಳೇನು?"

ಅವಳು ಅರ್ಜಿಯನ್ನು ಅವರ ಮುಂದಿಟ್ಟಳು.

ಅಷ್ಟರಲ್ಲಿ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಸಾಹೇಬರು ಅವಳ ಅರ್ಜಿ ಹಿಡಿದು, ಬೆಳಕಿಗೆಂದು ಕಿಟಕಿಯ ಬಳಿ ಸರಿದು, ಷರಾ ಬರೆದರು:

"ವಿದ್ಯುತ್ ವ್ಯತ್ಯಯವೇ ಇಲ್ಲದ ಕಚೇರಿಗೆ ಯುಪಿಎಸ್ ಅನಗತ್ಯ."