ಎರಡೂವರೆ ಕಿಲೋ ಬಿಗಿ

“ಈ ಎಂಜಿನ್ ಎಣ್ಣೆ ಕುಡೀತಿಲ್ಲ ಕಣೋ, ನನ್ನ ರಕ್ತ ಕುಡೀತಿದೆ!”

ಕಸಾಯಿ ದುಸೂಕಿ ಕೂಗಿದ ರಭಸಕ್ಕೆ ಗ್ಯಾರೇಜಿನ ತಗಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಈಜಿಪ್ಟಿನ ಟಾಂಟಾ ಊರಿನ ಆ ಗಲ್ಲಿಯಲ್ಲಿ ಜಗಳವೆಂದರೆ ಬಿಟ್ಟಿ ನಾಟಕ. ಕಾಫಿ ಅಂಗಡಿಯಲ್ಲಿದ್ದವರು ಕುರ್ಚಿ ಸಮೇತ ಬಂದು ಕೂತರು. ಅದರ ಯಜಮಾನ ಹಾಜಿ ಶಹ್ಹಾತ್ ಹುಕ್ಕಾ ಸಮೇತ ಬಂದ. ಗಲ್ಲಿಯ ವ್ಯಾಜ್ಯಗಳಿಗೆಲ್ಲ ಅವನೇ ನ್ಯಾಯಾಧೀಶ. ಅವನು ಅಂಗಡಿಗೆ ಬೀಗ ಎಂದರೆ ಬೀಗ.

ಗಲ್ಲಿಯವರು ‘ಉಸ್ತಾ’ ಎಂದು ಕರೆಯುವ ಮೆಕ್ಯಾನಿಕ್ ಬಯ್ಯೂಮಿ ಕೈ ಒರೆಸಿಕೊಳ್ಳುತ್ತ ಹೊರಬಂದ. ಅಪ್ಪನಿಂದ ಬಂದ ಗ್ಯಾರೇಜು. ಇಲ್ಲಿ ಬಿಚ್ಚಿ ಕಟ್ಟಿದ ಎಂಜಿನ್ ಹೊಗೆ ಬಿಟ್ಟದ್ದು ಇದೇ ಮೊದಲು. ಅದೂ ದುಸೂಕಿಯ ಫಿಯಟ್ ಕಾರಿನದೇ! ಹೊಗೆ ಬಿಡುವುದಷ್ಟೇ ಅಲ್ಲ, ಟಕಟಕ ಎಂದು ಬಡಿಯುತ್ತಲೂ ಇತ್ತು.

“ಎಣ್ಣೆ ಎಲ್ಲಿ ಹೋಗತ್ತೆ? ಹೇಳು, ಉಸ್ತಾ! ಎಲ್ಲಿ ಹೋಗತ್ತೆ?”

“ನಿಮ್ಮ ಮಾಂಸ ನಮ್ಮನೆ ಪಾತ್ರೇಲಿ ಎಲ್ಲಿ ಹೋಗತ್ತೋ ಅಲ್ಲಿಗೇ, ಮುಅಲ್ಲಿಮ್,” ಎಂದ ಕುರ್ಚಿಯವರಲ್ಲೊಬ್ಬ. ಎಲ್ಲರೂ ನಕ್ಕರು.

“ನಿನ್ನ ಹೆಂಡತಿಗೆ ಬೆಂಕಿ ಸಣ್ಣಗಿಡೋಕೆ ಹೇಳು,” ಎಂದು ಗಲ್ಲಿಯವರೆಲ್ಲ ಮುಅಲ್ಲಿಮ್, ಅಂದರೆ ಧಣಿ, ಎಂದೇ ಕರೆಯುವ ದುಸೂಕಿ ಅವನ ಬಾಯಿ ಮುಚ್ಚಿಸಿದ. “ಹಾಜಿ, ಇವತ್ತು ತೀರ್ಮಾನ ಆಗಲೇಬೇಕು. ಇವನು ಮೋಸಗಾರ ಅಂತಾದ್ರೆ ಅಂಗಡಿ ಮುಚ್ಚಿಸಿ.”

“ನೋಡೋಣ,” ಎಂದ ಹಾಜಿ. “ಉಸ್ತಾ, ಬಿಚ್ಚು. ಎಲ್ಲರಿಗೂ ಚಹಾ, ಸೋತವನ ಲೆಕ್ಕಕ್ಕೆ.”

ಬಯ್ಯೂಮಿ ಎಂಜಿನ್ನಿನ ತಲೆ ತೆಗೆದ. ಪಿಸ್ಟನ್ ಹೊರಗೆಳೆದ. ಹಾಜಿಯ ಬೆರಳು ಹಿಡಿದು ಸಿಲಿಂಡರಿನ ಬಾಯಿಯ ಒಳಗೆ ಒಂದು ಸುತ್ತು ಆಡಿಸಿದ. ಸವೆದ ಸಿಲಿಂಡರಾದರೆ ಅಲ್ಲೊಂದು ಮೆಟ್ಟಿಲು ಎದ್ದಿರುತ್ತದೆ, ಉಗುರಿಗೆ ಸಿಗುತ್ತದೆ. ಸಿಗಲಿಲ್ಲ. ರಿಪೇರಿಯಲ್ಲಿ ಕೊರೆದು ಉಜ್ಜಿದಾಗ ಬಿದ್ದ ಅಡ್ಡಗೀರುಗಳೂ ಹಾಗೇ ಇದ್ದವು.

“ಸವೆದಿಲ್ಲ,” ಎಂದ ಹಾಜಿ, ಹುಟ್ಟಾ ಮೆಕ್ಯಾನಿಕ್ಕಿನ ಗತ್ತಿನಲ್ಲಿ. “ಪಿಸ್ಟನ್ನು?”

ಬಯ್ಯೂಮಿ ಪಿಸ್ಟನ್ನಿನ ಉಂಗುರಗಳನ್ನು ಕಳಚಿ ಅದನ್ನು ಸಿಲಿಂಡರಿನೊಳಗೆ ಇಳಿಸಿದ. ಪಿಸ್ಟನ್ನಿಗೂ ಗೋಡೆಗೂ ನಡುವೆ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ, ಪಟ್ಟಿಯ ತುದಿಗೆ ಸ್ಪ್ರಿಂಗಿನ ಕೊಕ್ಕೆ ತಕ್ಕಡಿ ಸಿಕ್ಕಿಸಿದ. ದೃಷ್ಟಿಯಾಗದಿರಲಿ ಎಂದು ಅವನ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಸ್ಟೂಲಿನವರೆಗೆ ಎಲ್ಲಕ್ಕೂ ನೀಲಿ ಬಣ್ಣ, ತಕ್ಕಡಿಗೂ ಅವನೇ ನೀಲಿ ಬಳಿದಿದ್ದ.

“ಎರಡೂವರೆ ಕಿಲೋ ಭಾರಕ್ಕೆ ಪಟ್ಟಿ ಜಾರಬೇಕು. ಜಾಸ್ತಿ ಕೇಳಿದ್ರೆ ಪಿಸ್ಟನ್ ಬಿಗಿ, ಕಮ್ಮಿಗೇ ಬಂದ್ರೆ ಸಡಿಲ,” ಎಂದು ಎಳೆದ. ಪಟ್ಟಿ ಜಾರಿತು. ಮುಳ್ಳು ಎರಡೂವರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಕುರ್ಚಿಗಳಿಂದ ಚಪ್ಪಾಳೆ ಬಂತು. ಬಯ್ಯೂಮಿಗೆ ಹೋದ ಜೀವ ಬಂದಂತಾಯಿತು.

ದುಸೂಕಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪಟ್ಟಿ ಕಿತ್ತೆಸೆದು, ಸಿಲಿಂಡರಿನಲ್ಲಿದ್ದ ಪಿಸ್ಟನ್ನನ್ನು ಎರಡೇ ಬೆರಳಲ್ಲಿ ಅಲುಗಾಡಿಸಿದ. ಅದು ಮುದುಕನ ಹಲ್ಲಿನಂತೆ ಆಡಿತು. ಟಕ್, ಟಕ್.

“ಕೈಗೆ ಸಡಿಲ, ತಕ್ಕಡಿಗೆ ಬಿಗಿಯಂತೆ! ನನ್ನ ಕೈ ಸುಳ್ಳು ಹೇಳತ್ತಾ? ಸುಳ್ಳು ಹೇಳ್ತಿರೋದು ಆ ತಕ್ಕಡಿ!”

ಜನ ಚಹಾ ಕುಡಿಯುವುದನ್ನೇ ನಿಲ್ಲಿಸಿದರು.

“ತಕ್ಕಡಿ ಹೆಂಗೆ ಸುಳ್ಳು ಹೇಳತ್ತಯ್ಯಾ?” ಎಂದ ಹಾಜಿ.

“ನನ್ನನ್ನ ಕೇಳಿ! ಒಳಗಿನ ಸ್ಪ್ರಿಂಗನ್ನ ಬಿಚ್ಚಿ ಒಲೆಯಲ್ಲಿ ಕಾಯಿಸ್ತಾರೆ. ತೀರಾ ಕೆಂಪಾಗಬಾರದು, ಬಣ್ಣ ತಿರುಗಿದ್ರೆ ಸಾಕು. ಆಮೇಲೆ ಅರದಿಂದ ಸ್ವಲ್ಪ ಉಜ್ಜಿ ತೆಳ್ಳಗೆ ಮಾಡ್ತಾರೆ. ಎಂಟುನೂರು ಗ್ರಾಂ ಹಾಕಿದ್ರೆ ಒಂದು ಕಿಲೋ ತೋರಿಸತ್ತೆ. ಯಾರಪ್ಪನಿಗೂ ಗೊತ್ತಾಗಲ್ಲ.” ಅವನು ಬಯ್ಯೂಮಿಯತ್ತ ತಿರುಗಿದ. “ಎಲ್ಲಿಂದ ತಂದೆ ಈ ಕಳ್ಳಮಾಲು?”

“ಕಳ್ಳಮಾಲಲ್ಲ, ಮುಅಲ್ಲಿಮ್. ಅದನ್ನ ನಿಮ್ಮ...”

“ನನ್ನ ಹೆಸರು ಎಳೀಬೇಡ! ಹಾಜಿ, ಸಕ್ಕರೆ ತರಿಸಿ!”

ಕಾಫಿ ಅಂಗಡಿಯಿಂದ ಸೀಲು ಒಡೆಯದ ಒಂದು ಕಿಲೋ ಸಕ್ಕರೆ ಪೊಟ್ಟಣ ಬಂತು. ದುಸೂಕಿ ತಾನೇ ಕೊಕ್ಕೆಗೆ ಸಿಕ್ಕಿಸಿದ. ಎಷ್ಟಾದರೂ ಪಳಗಿದ ಕೈ, ತಕ್ಕಡಿ ತೂಗಾಡಲೂ ಇಲ್ಲ. ಮುಳ್ಳು ಒಂದನ್ನು ದಾಟಿ, ಒಂದೂಕಾಲಿಗೆ ಹೋಗಿ ನಿಂತಿತು.

ಗಲ್ಲಿಯ ತುಂಬ ಛೀ, ಥೂ. ಬಯ್ಯೂಮಿ ನೀಲಿ ಸ್ಟೂಲಿನ ಮೇಲೆ ಕುಸಿದ. ಹಾಗಾದರೆ ಎಂಜಿನ್ ಕಟ್ಟುವಾಗಲೂ ಈಗಲೂ ಇದು ಎರಡೂವರೆ ಎಂದು ತೋರಿಸಿದಾಗ ಇದ್ದದ್ದು ಬರೀ ಎರಡು. ಪಿಸ್ಟನ್ ಸಡಿಲವೇ. ಹೊಗೆಯೂ ನಿಜ, ಬಡಿತವೂ ನಿಜ. ಅಪ್ಪನ ಗ್ಯಾರೇಜು ಕೈತಪ್ಪಿತೆಂದು ಅವನ ಕಣ್ಣು ತುಂಬಿತು.

“ಇಂಥ ತಕ್ಕಡಿ ಇಟ್ಕೊಂಡವನು ಈ ಗಲ್ಲೀಲಿ ಇರಬಾರದು!” ದುಸೂಕಿ ಸ್ಟೂಲಿನ ಪಕ್ಕದ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದ. “ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದಿದಾನೋ! ಹಾಜಿ, ಬಾಯಿಬಿಟ್ಟು ಹೇಳಿಬಿಡಿ!”

ಹಾಜಿ ಹುಕ್ಕಾದ ನಳಿಗೆ ಕೆಳಗಿಟ್ಟ. ಅವನು ನಳಿಗೆ ಕೆಳಗಿಟ್ಟನೆಂದರೆ ತೀರ್ಪು ಬಂತೆಂದೇ ಅರ್ಥ. “ಕೇಳಿ ಎಲ್ಲರೂ. ಈ ತಕ್ಕಡಿ ಯಾರದೋ, ಅವರ ಅಂಗಡಿಗೆ ಇವತ್ತೇ ಬೀಗ. ಮತ್ತೆ ತೆರೆಯೋ ಹಾಗಿಲ್ಲ.”

“ಆಮೀನ್!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ದುಸೂಕಿಯೇ.

ಬಯ್ಯೂಮಿ ತಲೆಯೆತ್ತಿದ. ತಕ್ಕಡಿ ನೋಡಿದ. ದುಸೂಕಿಯನ್ನು ನೋಡಿದ. ನಿಧಾನಕ್ಕೆ ಕಣ್ಣೊರೆಸಿಕೊಂಡ.

“ನನ್ನ ತಕ್ಕಡಿ ಮುರಿದಿತ್ತು, ಹಾಜಿ. ಆಗ ಇದನ್ನ ಮುಅಲ್ಲಿಮರ ಮನೆಯವರೇ ತಂದುಕೊಟ್ಟರು. ‘ಅಂಗಡಿಗೆ ಹೊಸದು ಬಂತು, ಹಳೇದನ್ನ ಕಾಲುವೆಗೆ ಎಸಿ ಅಂದ್ರು ಇವರು, ನಂಗೆ ಮನಸ್ಸು ಬರಲಿಲ್ಲ, ನಾವು ಆ ಕಾರು ಕೊಂಡಿದ್ದೇ ಇದರ ಪುಣ್ಯದಿಂದ’ ಅಂದ್ರು.”