ಬಾಗಿಲು ಹಾಕಿದಾಗ ಅಳದ ಮಗು

ಮೂವತ್ತು ಸೀಟು... ಇನ್ನೂರಕ್ಕೂ ಹೆಚ್ಚು ಫಾರ್ಮು.

ಮೈಸೂರಿನ ಆ ಕಾನ್ವೆಂಟಿನಲ್ಲಿ ಎಲ್‌ಕೆಜಿ ಸೀಟು ಅಂದರೆ ಹುಡುಗಾಟವಲ್ಲ. ಸಿಸ್ಟರ್‌ಗಳೇ ನಡೆಸುವ ಖಾಸಗಿ ಶಾಲೆ... ಯಾರ ಶಿಫಾರಸಿಗೂ ಅಲ್ಲಿ ಬೆಲೆ ಇರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಚೌರಪ್ಪ, ನಾಲ್ಕು ವರ್ಷದ ಮಗಳು ಜೆಸಿಂತಾಳ ಜೊತೆ ಅಲ್ಲಿನ ವರಾಂಡದಲ್ಲಿ ಕೂತಿದ್ದ.

ಫೈಲಿನಲ್ಲಿ ಎಲ್ಲವೂ ಇತ್ತು. ಮಗುವಿನ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್‌ನ, ಸರ್ಟಿಫಿಕೇಟ್, ಚರ್ಚಿನ ಫಾದರ್ ಕೊಟ್ಟ ಪತ್ರ, ಹೆಂಡತಿ ಫಿಲೋಮಿನಾ ಇದೇ ಶಾಲೆಯಲ್ಲಿ ಓದಿದಾಗಿನ ರಿಪೋರ್ಟ್ ಕಾರ್ಡ್...

ಫಿಲೋಮಿನಾ ಮಾತ್ರ ಇರಲಿಲ್ಲ.

ಕ್ರಿಸ್ಮಸ್‌ಗೆ ಹತ್ತು ದಿನ ಇರುವಾಗ ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸ್ ಬರಲಿಲ್ಲ. "ನಮ್ ಪಾಪು ನಾನು ಓದಿದ್ ಸ್ಕೂಲಲ್ಲೇ ಓದ್ಬೇಕು ರೀ" ಅನ್ನುತ್ತಿದ್ದಳು. ಅವಳದ್ದು ಅಂತ ಚೌರಪ್ಪನ ಕೈಯಲ್ಲಿ ಉಳಿದಿದ್ದು ಆ ಒಂದು ಆಸೆ.

ಪಕ್ಕದ ಮನೆಯ ಸ್ಟೆಲ್ಲಾ ಮೊದಲೇ ಎಚ್ಚರಿಸಿದ್ದಳು. "ಅಣ್ಣ, ಸಿಸ್ಟರ್ ಮಗೂನ ಮಾತ್ರ ಒಳಗೆ ಕರ್ಕೊಂಡೋಗಿ ಬಾಗ್ಲು ಹಾಕ್ತಾರೆ. ಅತ್ತು ಬಿಟ್ರೆ ಮುಗೀತು... ಮುಂದಿನ್ ವರ್ಷ ಬನ್ನಿ ಅಂತಾರೆ."

ಅವತ್ತಿನಿಂದಲೇ ಪ್ರಾಕ್ಟೀಸ್ ಶುರು.

ದಿನಾ ಬೆಳಿಗ್ಗೆ ಮಗಳನ್ನು ನಡುಮನೆಯಲ್ಲಿ ಒಬ್ಬಳನ್ನೇ ಕೂರಿಸಿ, ಚೌರಪ್ಪ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನೂರು ಎಣಿಸಿ ಹೊರಗೆ ಬಂದಾಗ ಅವಳು ಅಳದೆ ಕೂತಿದ್ದರೆ, "ಶಹಬ್ಬಾಸ್ ಮಗಳೇ!"

ಒಳಗೆ ಅವನು ಏನು ಮಾಡುತ್ತಿದ್ದ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ... ಹಾಗಂತ ಅವನು ಅಂದುಕೊಂಡಿದ್ದ.

ಜೆಸಿಂತಾ ಬೇಗ ಕಲಿತಳು. ಅಮ್ಮನ ಸೀರೆಗಳನ್ನು ಕಪಾಟಿನಿಂದ ತೆಗೆದು ಗಂಟು ಕಟ್ಟಿದ ದಿನ ಕೂಡ ಅಳಲಿಲ್ಲ. ತುಟಿ ಕಚ್ಚಿಕೊಂಡು ಕೇಳಿದ್ದಳು, "ನಾನು ಜಾಣೆ ಅಲ್ವಾ ಅಪ್ಪಾ?"

ಈಗ ವರಾಂಡದಲ್ಲಿ ಕಾಯುತ್ತಿದ್ದಂತೆ, ಆಫೀಸಿನ ಒಳಗಿನಿಂದ ಒಬ್ಬ ಹುಡುಗ ಗೊಳೋ ಎಂದು ಅಳುತ್ತಾ ಓಡಿ ಬಂದು ತಾಯಿಯ ಮಡಿಲಿಗೆ ಬಿದ್ದ. 'ಪಾಪ, ಇವನ ಸೀಟು ಹೋಯ್ತು' ಅಂದುಕೊಂಡ ಚೌರಪ್ಪ. ಸಣ್ಣಗೆ ಸಮಾಧಾನವೂ ಆಯಿತು... ಸುಳ್ಳು ಯಾಕೆ ಹೇಳಬೇಕು!

"ಜೆಸಿಂತಾ..." ಎಂದು ಕರೆದರು.

ಆಫೀಸಿನಲ್ಲಿ ಎರಡು ಕುರ್ಚಿ. ಅಪ್ಪನಿಗೊಂದು, ಅಮ್ಮನಿಗೊಂದು. ಖಾಲಿ ಕುರ್ಚಿಯ ಮೇಲೆ ಚೌರಪ್ಪ ಫೈಲು ಇಟ್ಟ. ಅದನ್ನು ಖಾಲಿ ನೋಡಲು ಆಗಲಿಲ್ಲ ಅವನಿಗೆ.

ಅಡ್ಮಿಷನ್ ನೋಡಿಕೊಳ್ಳುವ ಸಿಸ್ಟರ್ ಬೆನಿಗ್ನಾ ವಯಸ್ಸಾದವರು. ಕಾಗದಗಳನ್ನು ನೋಡಿ, ಮಗುವನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಐದು ನಿಮಿಷ... ಹತ್ತು ನಿಮಿಷ... ಅಳುವಿನ ಸದ್ದೇ ಇಲ್ಲ. 'ಗೆದ್ದಳು ನನ್ನ ಮಗಳು' ಅಂದುಕೊಂಡ ಚೌರಪ್ಪ.

ಬಾಗಿಲು ತೆರೆಯಿತು. ಜೆಸಿಂತಾ ಓಡಿ ಬರಲಿಲ್ಲ. ಕೈಕಟ್ಟಿಕೊಂಡು, ಮೆಲ್ಲಗೆ ನಡೆದು ಬಂದು ನಿಂತಳು.

ಆದರೆ ಸಿಸ್ಟರ್ ಮುಖದಲ್ಲಿ ನಗು ಇರಲಿಲ್ಲ.

"ಸಿಸ್ಟರ್... ಅತ್ತಳಾ?"

"ಇಲ್ಲ, ಚೌರಪ್ಪನವರೇ. ಅದಕ್ಕೇ ನನಗೆ ಯೋಚನೆ."

ಅವನಿಗೆ ಏನೂ ಅರ್ಥವಾಗಲಿಲ್ಲ.

"ಅತ್ರೆ ಸೀಟಿಲ್ಲ ಅಂತ ಯಾರು ಹೇಳಿದ್ರು ನಿಮಗೆ? ಇಷ್ಟು ವರ್ಷದಲ್ಲಿ ಅತ್ತಿದ್ದಕ್ಕೆ ಅಂತ ಒಂದು ಮಗೂನೂ ನಾನು ವಾಪಸ್ ಕಳ್ಸಿಲ್ಲ. ಬಾಗಿಲು ತೆಗೆದಾಗ ಮಗು ಯಾರ ಹತ್ರ ಓಡುತ್ತೆ ಅಂತ ನೋಡೋದು ನಾವು... ನಿಮ್ ಮಗಳು ಯಾರ ಹತ್ರಾನೂ ಓಡ್ಲಿಲ್ಲ."

ಚೌರಪ್ಪ ತಲೆ ತಗ್ಗಿಸಿದ.

"ಅಪ್ಪ ಮನೇಲಿ ಏನ್ ಮಾಡ್ತಾರೆ ಅಂತ ಕೇಳಿದೆ. ಏನು ಹೇಳಿದ್ಲು ಗೊತ್ತಾ? 'ಅಪ್ಪ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳುತ್ತೆ. ನಾನು ಅಳಲ್ಲ. ಇಬ್ರೂ ಅತ್ರೆ ಸೀಟ್ ಸಿಗಲ್ಲ'..."

ಎರಡು ತಿಂಗಳು... ಒಂದೇ ಸೂರಿನ ಕೆಳಗೆ, ಒಂದು ಬಾಗಿಲಿನ ಆಚೆ ಚೌರಪ್ಪ ಒಂಟಿ, ಈಚೆ ಮಗು ಒಂಟಿ.

ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಮಂಡಿಯೂರಿದ. ಜೆಸಿಂತಾ ಸಿಸ್ಟರ್ ಮುಖವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು.

"ಅಪ್ಪಾ... ಇಂಟರ್‌ವ್ಯೂ ಮುಗೀತಾ?"

"ಮುಗೀತು ಕಂದಾ."

"ಹಂಗಾದ್ರೆ... ಈಗ ಅಳ್ಬಹುದಾ?"

ಅವನು ಎರಡೂ ಕೈ ಚಾಚಿದ. ಮಗಳು ಓಡಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. "ಅಮ್ಮ ಬೇಕು..." ಎಂದು ಅತ್ತಳು. ಡಿಸೆಂಬರಿನಿಂದ ಕಟ್ಟಿಟ್ಟಿದ್ದ ಅಳುವೆಲ್ಲ ಅವತ್ತು ಹೊರಬಂತು. ಅಪ್ಪನೂ ಬಿಕ್ಕಿ ಬಿಕ್ಕಿ ಅತ್ತ. ಅಲ್ಲಿ ನಲ್ಲಿಯ ಸದ್ದು ಇರಲಿಲ್ಲ...

ಸಿಸ್ಟರ್ ಕಣ್ಣೊರೆಸಿಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡರು. ಆಯಾಗೆ ಹೇಳಿದರು, "ಸ್ವಲ್ಪ ಹೊತ್ತು ಯಾರನ್ನೂ ಒಳಗೆ ಬಿಡ್ಬೇಡ ಮೇರಿ."

ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ಲಿಸ್ಟ್ ಹಾಕಿದರು. ಹನ್ನೊಂದನೇ ಹೆಸರು, ಜೆಸಿಂತಾ.

ಜೂನ್ ತಿಂಗಳ ಮೊದಲ ದಿನ, ಶಾಲೆಯ ಗೇಟಿನಲ್ಲಿ ಅವಳು ಅಪ್ಪನ ಪ್ಯಾಂಟ್ ಹಿಡಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಕಿರುಚಿ ಅತ್ತಳು. ಚೌರಪ್ಪ ಕಣ್ಣು ತುಂಬಿಕೊಂಡೇ ನಗುತ್ತಿದ್ದ.

ಸಿಸ್ಟರ್ ಬೆನಿಗ್ನಾ ಅವಳನ್ನು ಎತ್ತಿಕೊಂಡು ಹೇಳಿದರು...

"ಈಗ ಸರಿಹೋಯ್ತು ನೋಡಿ!"

ಅಳಬೇಡ ಎಂದು ಮಗುವಿಗೆ ಕಲಿಸುವ ಮೊದಲು, ಅದರ ಪಕ್ಕದಲ್ಲಿ ಕೂತು ಒಮ್ಮೆ ಅತ್ತುಬಿಡಿ.

ನಿಮ್ಮ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿರುವವರು ಯಾರು...? ಇವತ್ತು ಆ ಬಾಗಿಲು ತಟ್ಟುತ್ತೀರಾ?